ನಮ್ಮೂರಿನ ಪುಸ್ತಕಗಳು, ಪಾನಿಪುರಿ ಪ್ಲೇಟಿನ ಲೆಕ್ಕದಲ್ಲಿ

(1/10)
ಮೊದಲು ಒಂದು ತಪ್ಪೊಪ್ಪಿಗೆ. ಸೈನೈಡ್ ಗುಡ್ಡದ ಮೇಲೆ ನಿಂತು, ಸ್ಲೋ ಮೋಷನ್‌ನಲ್ಲಿ ನಡೆದು, ಹಿಂದೆ ಆ ಸಿನಿಮಾದ ಮ್ಯೂಸಿಕ್ ಹಾಕಿ ರೀಲ್ ಬಿಟ್ಟವರಲ್ಲಿ ನಾನೂ ಒಬ್ಬಳು. ನಿಮ್ಮಲ್ಲಿ ಅರ್ಧ ಜನ ನನ್ನನ್ನ ಫಾಲೋ ಮಾಡಿದ್ದೇ ಅದನ್ನ ನೋಡಿ. ಥ್ಯಾಂಕ್ಸ್.

ಆ ರೀಲ್‌ನ ತಾತನಿಗೆ ತೋರಿಸಿದೆ. ನಮ್ಮ ತಾತ 1968ರಲ್ಲಿ ಕೆಜಿಎಫ್ ಗಣಿಗೆ ಸೇರಿ, 2001ರಲ್ಲಿ ಗಣಿ ಮುಚ್ಚೋವರೆಗೂ ಭೂಮಿ ಒಳಗೇ ಕೆಲಸ ಮಾಡಿದವರು. ಆಮೇಲೆ ಲೈನ್ ಮನೆ ಬಿಟ್ಟು ಬಂಗಾರಪೇಟೆಗೆ ಬಂದ್ರು. ಫೋನನ್ನ ದೂರಕ್ಕೆ ಹಿಡಿದು ಎರಡು ಸಲ ನೋಡಿದ್ರು. "ಚೆನ್ನಾಗೈತೆ ಕಣಮ್ಮ. ಯಾವೂರು ಇದು?" ಅಂದ್ರು.

ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡೆ. ಮುಖ ನೋಡಿದೆ. ತಮಾಷೆ ಇರಲಿಲ್ಲ.

ಮೂವತ್ಮೂರು ವರ್ಷ ದುಡಿದ ಜಾಗ, ಮೊಮ್ಮಗಳ ಫೋನಲ್ಲಿ ಅವರಿಗೆ ಗುರುತೇ ಸಿಗಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂತೆಲ್ಲ ಬಿಲ್ಡಪ್ ಕೊಡಲ್ಲ, ಚೆನ್ನಾಗೇ ಬಂತು. ಆದ್ರೆ ಪ್ರಶ್ನೆ ಮಾತ್ರ ಹೋಗ್ಲಿಲ್ಲ. ಬೆಂಗಳೂರಿನ ಕಾಲೇಜಲ್ಲಿ "ಓ, ರಾಕಿ ಭಾಯ್ ಊರಾ?" ಅಂತ ಯಾರಾದ್ರೂ ಕೇಳಿದಾಗೆಲ್ಲ ಅದು ವಾಪಸ್ ಬರ್ತಿತ್ತು. ಹೌದು, ಯಾವೂರು ನಮ್ದು?

ಹಾಗೆ ಶುರುವಾಯ್ತು ಈ ಓದು. ಟ್ರೈನಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ಬೆಳಿಗ್ಗೆ ಚಾಂಪಿಯನ್ ಸ್ಟೇಷನ್‌ನಲ್ಲಿ ಹತ್ತಿ, ನಾನು ಬಂಗಾರಪೇಟೆಯಲ್ಲಿ ಹತ್ತೋ ತನಕ ಬ್ಯಾಗ್ ಇಟ್ಟು ಸೀಟು ಕಾಯ್ತಾಳೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಬೆಂಗಳೂರು ಬರೋವರೆಗೂ ಟೈಮೋ ಟೈಮು. ನಾವಿಬ್ರೂ ನಮ್ಮ ಸೀಮೆಗೆ ಏನಾದ್ರೂ ಸಂಬಂಧ ಇರೋ, ಜಾಸ್ತಿ ಜನ ಓದಿರದ, ಕತೆ ಕಾದಂಬರಿ ಅಲ್ಲದ ಪುಸ್ತಕ ಹುಡುಕಿ ಓದಿದ್ವಿ. ಇಂಗ್ಲಿಷ್ ಇದ್ದದ್ದನ್ನ ರಾತ್ರಿ ತಾತನಿಗೆ ಕನ್ನಡದಲ್ಲಿ ಹೇಳ್ತಿದ್ದೆ.

ತೀರ್ಪುಗಾರರು ಮೂವರು: ನಾನು, ಗೆಳತಿ, ತಾತ. ಸ್ಟಾರ್ ಬದಲು ಪಾನಿಪುರಿ ಪ್ಲೇಟು. ಐದಕ್ಕೆ ಎಷ್ಟು ಅಂತ. ಬಂಗಾರಪೇಟೆ ಪಾನಿಪುರಿನೇ ಲೆಕ್ಕ. ಅದೇ, ನೋಡೋಕೆ ಬರೀ ನೀರು, ಬಾಯಿಗಿಟ್ರೆ ಕಣ್ಣಲ್ಲೂ ನೀರು.

(2/10)
ಫೋಟೋದಲ್ಲಿರೋದು ನಮ್ಮ ಸ್ಟೇಷನ್ ಬೋರ್ಡು. ಬಂಗಾರಪೇಟೆ. ಪಕ್ಕದಲ್ಲೇ ಚಿನ್ನದ ಗಣಿ ಇದೆ, ಅದಕ್ಕೇ ಬಂಗಾರ ಅಂತ ನಾನು ಎಂಟನೇ ಕ್ಲಾಸ್‌ವರೆಗೂ ನಂಬಿದ್ದೆ. ಹಳೇ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಬೌರಿಂಗ್ ಕೂಡ ಇವರೇ.

ಈ ಮನುಷ್ಯ ಪುಸ್ತಕ ಬರೆದಿದ್ದಾರೆ ಅಂತ ಗೊತ್ತಾ? 1871ರಲ್ಲಿ 'ಈಸ್ಟರ್ನ್ ಎಕ್ಸ್‌ಪೀರಿಯನ್ಸಸ್'. ಹೆಚ್ಚಿನ ಭಾಗ ಮೈಸೂರು ಮತ್ತು ಕೊಡಗಿನ ಬಗ್ಗೆ. ಆಮೇಲೆ 1893ರಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಬಗ್ಗೆ ಇನ್ನೊಂದು. ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ, ಅಂದ್ರೆ ನಮ್ಮದೇ ತಾಲ್ಲೂಕಲ್ಲಿ. ಒಂದು ಊರಿಗೆ ತನ್ನ ಹೆಸರು ಬಿಟ್ಟು ಹೋದವನು, ಆ ಊರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವನ ಚರಿತ್ರೆ ಬರೀತಾನೆ. ನನಗೆ ಇದೊಂದೇ ಸಾಕಾಗಿತ್ತು ಪುಸ್ತಕ ತೆಗೆಯೋಕೆ.

ಓದೋಕೆ ಹೇಗಿದೆ? ಒಬ್ಬ ದೊಡ್ಡ ಅಧಿಕಾರಿ ನಿವೃತ್ತಿಯಾಗಿ ಕೂತು ತನ್ನ ಫೈಲ್‌ಗಳನ್ನ ನೆನಪಿಸಿಕೊಂಡ ಹಾಗಿದೆ. ಮಳೆ, ಬೆಳೆ, ಕಂದಾಯ, ಜಾತಿ, ಜಿಲ್ಲೆ. ನನಗೆ ಇಷ್ಟವಾದದ್ದು ಅದರ ಕಾಲ. ಪುಸ್ತಕ ಬಂದ ಎರಡು ವರ್ಷಕ್ಕೆ, 1873ರಲ್ಲಿ, ಮೈಕಲ್ ಲವೆಲ್ ಅನ್ನೋ ಐರಿಶ್ ಮಾಜಿ ಸೈನಿಕ ಇಲ್ಲಿ ಚಿನ್ನ ತೆಗೀತೀನಿ ಅಂತ ಸರ್ಕಾರಕ್ಕೆ ಅರ್ಜಿ ಹಾಕ್ದ. ಅಂದ್ರೆ ಬೌರಿಂಗ್ ಕಂಡದ್ದು ಕಂಪನಿ ಬರೋಕೆ ಮುಂಚಿನ ನಮ್ಮ ಸೀಮೆ. ಗುಡ್ಡ ಇನ್ನೂ ಗುಡ್ಡವಾಗೇ ಇದ್ದ ಕಾಲ.

ಗೆಳತಿ: "ಕುದುರೆ ಮೇಲಿಂದ ಇಳಿಯೋದೇ ಇಲ್ಲ ಕಣೇ ಈ ಮನುಷ್ಯ." 1 ಪ್ಲೇಟು.
ನಾನು: 2.
ತಾತ: "ನಮ್ಮಪ್ಪ ಸಾಯೋವರ್ಗೂ ಬೌರಿಂಗ್‌ಪೇಟೆ ಅಂತ್ಲೇ ಅಂತಿದ್ದ. ಅವನ ಹೆಸರಿಗೆ ಮೂರು ಹಾಕು." 3.

ಎರಡೂ ಹಳೇ ಪುಸ್ತಕ, ನೆಟ್‌ನಲ್ಲಿ ಫ್ರೀಯಾಗಿ ಸಿಗತ್ತೆ.

(3/10)
ಇದು ನಮ್ಮ ಪಟ್ಟಿಯಲ್ಲೇ ಅತಿ ದಪ್ಪ ಪುಸ್ತಕ. 'ಎಪಿಗ್ರಾಫಿಯಾ ಕರ್ನಾಟಿಕಾ', ಹತ್ತನೇ ಸಂಪುಟ, ಕೋಲಾರ ಜಿಲ್ಲೆ, 1905. ಸಂಪಾದಕರು ಬಿ.ಎಲ್. ರೈಸ್. ಹೆಸರು ಇಂಗ್ಲಿಷು, ಹುಟ್ಟಿದ್ದು ಬೆಂಗಳೂರಲ್ಲೇ, 1837ರಲ್ಲಿ. ಸುಮಾರು 9,000 ಶಾಸನ ಸೇರಿಸಿದವರು ಅಂತ ಪಾಠದಲ್ಲಿ ಓದಿ ಎರಡು ಮಾರ್ಕ್ಸ್ ತಗೊಂಡಿರ್ತೀರಿ. ತೆಗೆದು ನೋಡಿರಲ್ಲ.

ಇದನ್ನ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದೋಕೆ ಹೋಗ್ಬೇಡಿ, ಸತ್ಯವಾಗ್ಲೂ ಆಗಲ್ಲ. ನಿಮ್ಮೂರು ಹುಡುಕಿ. ತಾಲ್ಲೂಕು ಪ್ರಕಾರ ಜೋಡಿಸಿದ್ದಾರೆ, ಬೌರಿಂಗ್‌ಪೇಟೆಗೆ ಬೇರೆ ಭಾಗವೇ ಇದೆ. ಕೆಜಿಎಫ್‌ಗೆ ನೀರು ಕೊಟ್ಟ ಬೇತಮಂಗಲ ಇದ್ಯಲ್ಲ, ಅದರ ಹಳೇ ಹೆಸರು ವಿಜಯಾದಿತ್ಯಮಂಗಲ. ಈ ಹೆಸರು ಹೇಳಿ ಬಸ್ ಟಿಕೆಟ್ ಕೇಳಬೇಕು ಅಂತ ನಮ್ಮಿಬ್ಬರಿಗೂ ತುಂಬಾ ಆಸೆ.

ನಮ್ಮ ಜಿಲ್ಲೆ ತುಂಬ ವೀರಗಲ್ಲು. ಹೊಲದ ಬದುವಲ್ಲಿ, ಕೆರೆ ಏರಿಯಲ್ಲಿ ಬಿದ್ದಿರತ್ತೆ. ಕೆಲವಕ್ಕೆ ಅರಿಶಿನ ಕುಂಕುಮ, ಕೆಲವಕ್ಕೆ ಬಟ್ಟೆ ಒಗೆಯೋ ಕೆಲಸ. ಯಾರೋ ರಾಜನ ಕಲ್ಲು ಅಂದ್ಕೊಂಡಿದ್ದೆ. ಓದಿದ್ರೆ, ತುಂಬಾ ಕಡೆ ಅದು ರಾಜನದ್ದಲ್ಲ. ಊರಿನ ದನ ಹೊಡ್ಕೊಂಡು ಹೋಗೋಕೆ ಬಂದವರ ಜೊತೆ ಹೋರಾಡಿ ಸತ್ತ ಯಾರೋ ಒಬ್ಬ. ಅವನ ಹೆಸರು, ಅವನು ಯಾರ ಆಳು, ಅವನ ಮನೆಯವರಿಗೆ ಎಷ್ಟು ಭೂಮಿ ಬಿಟ್ರು ಅನ್ನೋ ಲೆಕ್ಕ. ಆ ಭೂಮಿಗೆ ಕಲ್ನಾಡು ಅಂತ ಹೆಸರು. ಸಾವಿರ ವರ್ಷದ ಹಿಂದೆ ಕೆಲಸದಲ್ಲಿ ಸತ್ತವನಿಗೆ ಹೆಸರು ಕೆತ್ತಿ, ಮನೆಗೆ ಹೊಲ ಕೊಟ್ಟಿದ್ದಾರೆ.

ಇದನ್ನ ತಾತನಿಗೆ ಹೇಳಿದಾಗ ಅವರು ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಒಂದೇ ಮಾತು: "ನಮ್ಮ ಮೇಸ್ತ್ರಿಗೆ ಯಾರೂ ಕಲ್ಲು ನಿಲ್ಲಿಸ್ಲಿಲ್ಲ." ಯಾವ ಮೇಸ್ತ್ರಿ, ಏನಾಯ್ತು ಅಂತ ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿಬಿಟ್ರು.

ನಾನು: 4. ಗೆಳತಿ: 3, ಒಂದು ಪ್ಲೇಟು ಬೇತಮಂಗಲಕ್ಕೆ. ತಾತ: ಮಾರ್ಕ್ಸ್ ಹಾಕಲಿಲ್ಲ.

(4/10)
ಈ ಪುಸ್ತಕಕ್ಕೆ ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ವರೆಗೂ ಜಗಳ ಆಯ್ತು. ಎದುರು ಸೀಟಿನ ಅಂಕಲ್ ಇಯರ್‌ಫೋನ್ ತೆಗೆದಿಟ್ಟು ಕೇಳಿಸ್ಕೊಂಡ್ರು.

'ಕೋಲಾರ್ ಗೋಲ್ಡ್ ಫೀಲ್ಡ್ಸ್: ಡೌನ್ ಮೆಮೊರಿ ಲೇನ್', 2010, ಬರೆದವರು ಬ್ರಿಜೆಟ್ ವೈಟ್-ಕುಮಾರ್. ಆಂಗ್ಲೋ ಇಂಡಿಯನ್ ಅಡುಗೆ ಪುಸ್ತಕಗಳಿಗೆ ಹೆಸರಾದವರು, ಕೆಜಿಎಫ್‌ನಲ್ಲೇ ಬೆಳೆದವರು. ಅವರ ಬಾಲ್ಯದ ಕೆಜಿಎಫ್ ಇದು. ಬಂಗಲೆ, ಶಾಲೆ, ಚರ್ಚು, ಕ್ಲಬ್ಬು, ಕ್ರಿಸ್‌ಮಸ್ಸು. ಕೆಜಿಎಫ್‌ನ ಲಿಟಲ್ ಇಂಗ್ಲೆಂಡ್ ಅಂತಿದ್ರಲ್ಲ, ಯಾಕೆ ಅಂತಿದ್ರು ಅನ್ನೋದು ಇಲ್ಲಿ ಕಣ್ಣಿಗೆ ಕಟ್ಟತ್ತೆ. ನಾನು ಒಂದೇ ವಾರದಲ್ಲಿ ಮುಗಿಸಿದೆ. ಊಟದ ಬಗ್ಗೆ ಓದ್ತಾ ಟ್ರೈನಲ್ಲಿ ಹಸಿವಾಗಿ ಸತ್ತೆ.

ಗೆಳತಿಗೆ ಕೋಪ. "ಚೆಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ಇದು ಬಂಗಲೆ ವರಾಂಡದಿಂದ ಕಾಣೋ ಕೆಜಿಎಫ್. ನಮ್ಮ ಪಾಟಿ ಒಂದೇ ರೂಮಿನ ಲೈನ್ ಮನೇಲಿ ಆರು ಮಕ್ಕಳನ್ನ ಸಾಕಿದ್ರು. ಅಲ್ಲಿಂದ ನೋಡಿದ್ರೆ ಬೇರೆ ಊರೇ ಕಾಣತ್ತೆ."

ನಾನಂದೆ, ಒಬ್ರು ತಮ್ಮ ಬಾಲ್ಯ ಬರೆದ್ರೆ ತಮ್ಮ ಮನೆಯಿಂದ ತಾನೇ ಬರೀಬೇಕು? ಅವರು ನೋಡದೇ ಇದ್ದದ್ದನ್ನ ಬರೆದಿದ್ರೆ ಅದು ಸುಳ್ಳಾಗ್ತಿತ್ತು. ಅವಳಂದ್ಳು, ಸರಿ, ಆದ್ರೆ ಲೈನ್ ಮನೆಯಿಂದ ಬರೆದ ಪುಸ್ತಕ ನಮ್ಮ ಕೈಗೆ ಯಾಕೆ ಮೊದಲು ಬರ್ಲಿಲ್ಲ? ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ರಾತ್ರಿ ತಾತನ ಹತ್ರ ಪಂಚಾಯ್ತಿಗೆ ಕೂತೆ. ಅವರು ಗೆಳತಿ ಕಡೆ ನಿಲ್ತಾರೆ ಅಂದ್ಕೊಂಡಿದ್ದೆ. "ನಾವು ಗೇಟಿನಿಂದ ಈಚೆ, ಅವರು ಆಚೆ, ನಿಜ," ಅಂದ್ರು. "ಆದ್ರೂ ಮುಚ್ಚಿದ್ಮೇಲೆ ಅವರ ಊರೂ ಹೋಯ್ತಲ್ಲಮ್ಮ."

ನಾನು: 4. ಗೆಳತಿ: 2. ತಾತ: 3, ಕೇಕ್ ವಿಷಯ ಬಂದದ್ದಕ್ಕೆ ಇನ್ನೊಂದು ಅರ್ಧ.

(5/10)
ಈಗ ಗೆಳತಿಯ ಫೇವರಿಟ್. ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್', 1998. ಮೈಸೂರು ಮಹಾರಾಜರ ಕಾಲದಲ್ಲಿ ಕೆಜಿಎಫ್ ಗಣಿ ಕೆಲಸಗಾರರು ಮತ್ತು ಬೆಂಗಳೂರಿನ ಬಟ್ಟೆ ಗಿರಣಿ ಕೆಲಸಗಾರರು ಹೇಗೆ ಬದುಕಿದ್ರು, ಹೇಗೆ ಹೋರಾಡಿದ್ರು ಅನ್ನೋ ಇತಿಹಾಸ.

ಮೊದಲೇ ಹೇಳ್ತೀನಿ, ಇದು ಸಂಶೋಧನಾ ಗ್ರಂಥ. ಅಡಿಟಿಪ್ಪಣಿ ನೋಡಿ ಹೆದರ್ಬೇಡಿ. ನಾವು ದಿನಕ್ಕೆ ನಾಲ್ಕು ಪುಟ ಓದಿದ್ವಿ, ಅರ್ಥ ಆಗದ ಪದಕ್ಕೆ ಪೆನ್ಸಿಲ್ ಗೆರೆ ಹಾಕಿದ್ವಿ. ಲೈಬ್ರರಿ ಪುಸ್ತಕ, ಆಮೇಲೆ ಅಳಿಸಿದ್ವಿ, ಪ್ರಾಮಿಸ್.

1930ರ ಮುಷ್ಕರದ ವಿಷಯ ನನಗೆ ಗೊತ್ತೇ ಇರ್ಲಿಲ್ಲ. ಕೆಲಸಗಾರರನ್ನೆಲ್ಲ ಬೆರಳಚ್ಚು ತಗೊಂಡು ದಾಖಲು ಮಾಡ್ಕೊಳ್ಳೋ ಪದ್ಧತಿ ತಂದ್ರು. ಕೆಲಸಗಾರರು ಆಗಲ್ಲ ಅಂದ್ರು. ಆಗ ಅವರಿಗೆ ಮಾನ್ಯತೆ ಇರೋ ಒಂದು ಸಂಘವೂ ಇರ್ಲಿಲ್ಲ. ಆದ್ರೂ ಗಣಿ ನಿಂತೋಯ್ತು. ಬೆರಳಚ್ಚು ತಗೊಳ್ಳೋದು ಕಳ್ಳರದ್ದು, ನಾವೇನು ಕಳ್ಳರಾ ಅನ್ನೋ ರೋಷ.

ನಾನು ಇದನ್ನ ಓದಿ "ಹೆಬ್ಬೆಟ್ಟಿಗೋಸ್ಕರ ಅಷ್ಟೊಂದಾ?" ಅಂದೆ. ನಾವು ಸಿಮ್‌ಗೂ ಹೆಬ್ಬೆಟ್ಟು ಒತ್ತೋ ಪೀಳಿಗೆ ತಾನೇ. ಗೆಳತಿ ಪುಸ್ತಕ ಮುಚ್ಚಿದಳು. "ಶಿಫ್ಟ್ ಮುಗಿಸಿ ಮೇಲೆ ಬಂದ್ಮೇಲೆ ಮೈಯೆಲ್ಲ ತಡಕಿ ಹುಡುಕ್ತಿದ್ರಂತೆ, ಚಿನ್ನ ಬಚ್ಚಿಟ್ಟಿದ್ದಾರಾ ಅಂತ. ನಮ್ಮ ತಾತ ಹೇಳ್ತಿದ್ರು. ದಿನಾ ಒಂದ್ಸಲ ಕಳ್ಳ ಅಲ್ಲ ಅಂತ ಸಾಬೀತು ಮಾಡಿ ಮನೆಗೆ ಬರೋನಿಗೆ ಹೆಬ್ಬೆಟ್ಟು ಸಣ್ಣ ವಿಷಯ ಅಲ್ಲ." ಮಾಲೂರು ದಾಟೋವರೆಗೂ ಇಬ್ರೂ ಮಾತಾಡ್ಲಿಲ್ಲ.

ಗೆಳತಿ: 5. ನಾನು: 4. ಒಂದು ಯಾಕೆ ಕಮ್ಮಿ ಅಂದ್ರೆ, ನಾವು ಇದನ್ನ ಓದಿದ್ದು ಇಂಗ್ಲಿಷಲ್ಲಿ. ಇದು ಯಾರ ಬಗ್ಗೆ ಇದೆಯೋ ಅವರ ಮನೆಯವರಿಗೆ ನಾನು ರಾತ್ರಿ ಕೂತು ಬಾಯಲ್ಲಿ ಅನುವಾದ ಮಾಡಿ ಹೇಳಬೇಕಾಯ್ತು.
ತಾತ: "ತಡಕೋದು ನಿಜ." 5.

(6/10)
ಈ ಭಾಗ ಗೆಳತಿ ಹೇಳಿದ್ದು, ನಾನು ಟೈಪ್ ಮಾಡಿದ್ದು. ಅವಳ ಒಪ್ಪಿಗೆ ಇದೆ.

ಅವಳ ಪಾಟಿ ಮನೆಯಲ್ಲಿ, ಬಾಗಿಲ ಮೇಲೆ, ಒಂದು ಹಳೇ ಬುದ್ಧನ ಫೋಟೋ ಇದೆ. ಕಟ್ಟು ಹಾಕಿಸಿದ ಮರ ಕಪ್ಪಾಗಿದೆ. ಶೋಕೇಸ್ ಬುದ್ಧನ ತರ, ಶಾಂತಿಗೆ ಅಂತ ಯಾರೋ ತಂದು ಹಾಕಿರ್ಬೇಕು ಅಂದ್ಕೊಂಡಿದ್ದಳು.

ಆಮೇಲೆ ಜಿ. ಅಲೋಷಿಯಸ್ ಅವರ ಪುಸ್ತಕ ಸಿಕ್ತು: 'ರಿಲಿಜನ್ ಆ್ಯಸ್ ಎಮ್ಯಾನ್ಸಿಪೇಟರಿ ಐಡೆಂಟಿಟಿ', 1998. ಹೆಸರು ಓದಿ ಮುಗಿಸೋಷ್ಟರಲ್ಲಿ ಟೇಕಲ್ ಬರತ್ತೆ. ವಿಷಯ ಇದು: ಅಂಬೇಡ್ಕರ್ 1956ರಲ್ಲಿ ಬೌದ್ಧ ಧರ್ಮ ತಗೊಂಡದ್ದು ನಮಗೆಲ್ಲ ಗೊತ್ತು. ಅದಕ್ಕೂ ಎಷ್ಟೋ ಮುಂಚೆ, 1898ರಲ್ಲಿ, ಮದ್ರಾಸಿನಲ್ಲಿ ಅಯೋಧ್ಯಾದಾಸ ಪಂಡಿತರು ಶಾಕ್ಯ ಬೌದ್ಧ ಸಂಘ ಶುರು ಮಾಡಿದ್ರು. ನೀವು ನಮ್ಮನ್ನ ಕೀಳು ಅಂತೀರಲ್ಲ, ನಾವು ಮೂಲದಲ್ಲಿ ಬೌದ್ಧರು ಅಂತ ಹೇಳಿದ್ರು. ಆ ಚಳವಳಿ ಬೇರು ಬಿಟ್ಟ ಜಾಗಗಳಲ್ಲಿ ನಮ್ಮ ಕೆಜಿಎಫ್ ಮುಖ್ಯವಾದದ್ದು. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್. ಗಣಿಯಲ್ಲಿ ಶಿಫ್ಟ್ ಮುಗಿಸಿ ಬಂದವರು ಪತ್ರಿಕೆ ಓದಿದ್ರು, ಸಭೆ ಮಾಡಿದ್ರು. ಪಂಡಿತರ ಬರಹಗಳನ್ನ ಅಚ್ಚು ಹಾಕಿಸಿದ ಸಿದ್ಧಾರ್ಥ ಪುಸ್ತಕಶಾಲೆ ಇದ್ದದ್ದೂ ಕೆಜಿಎಫ್‌ನಲ್ಲೇ.

ಮತ್ತೆ ಓದಿ. ನಮ್ಮೂರಲ್ಲಿ ಪುಸ್ತಕ ಪ್ರಕಟಿಸ್ತಿದ್ರು. ನಾವು ಚಿನ್ನದ್ದೊಂದೇ ಮಾತಾಡ್ತೀವಿ.

ಗೆಳತಿ ಪಾಟಿಗೆ ಫೋಟೋ ಬಗ್ಗೆ ಕೇಳಿದಳಂತೆ. "ನಿಮ್ಮ ಮುತ್ತಾತ ಹಾಕಿದ್ದು, ತೆಗೀಬಾರ್ದು ಅಂದಿದ್ರು, ಅಷ್ಟೇ ಗೊತ್ತು." ತೆಗೀಬಾರ್ದು ಅನ್ನೋದು ಉಳೀತು, ಯಾಕೆ ಅನ್ನೋದು ಹೋಯ್ತು. ಈಗ ಅವಳು ತಮಿಳು ಅಕ್ಷರ ಕಲೀತಿದ್ದಾಳೆ. ಮಾತು ಬರ್ತಿತ್ತು, ಓದೋಕೆ ಬರ್ತಿರ್ಲಿಲ್ಲ. ಟ್ರೈನಲ್ಲಿ ಸ್ಟೇಷನ್ ಬೋರ್ಡಿನ ಬದಲು ಅವಳೀಗ ಒಂದನೇ ಕ್ಲಾಸಿನ ಪುಸ್ತಕ ಓದ್ತಾಳೆ, ಜೋರಾಗಿ.

ಗೆಳತಿ: 5. ನಾನು: 3, ಭಾಷೆ ತುಂಬಾ ಕಷ್ಟ. (ಅವಳು: "ಫೋಟೋ ನಿನ್ನ ಮನೇದಾಗಿದ್ರೆ ಐದೇ ಹಾಕ್ತಿದ್ದೆ." ಇರಬಹುದು.)

(7/10)
ಸೀರಿಯಸ್ ಆಗಿಬಿಟ್ವಿ. ಈಗ ಊಟ.

ಬಿ.ಜಿ.ಎಲ್. ಸ್ವಾಮಿ ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಅವರ 'ಹಸುರು ಹೊನ್ನು' ನಿಮ್ಮಲ್ಲಿ ಕೆಲವರು ಓದಿರ್ತೀರಿ, 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಅದರ ಗಲಾಟೆಯಲ್ಲಿ ಇದು ಹಿಂದೆ ಸರಿದಿದೆ ಅನ್ಸತ್ತೆ. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಗಿಡದ ಬಗ್ಗೆ ಬರೆದ್ರೂ ಮನುಷ್ಯರನ್ನ ಗೇಲಿ ಮಾಡದೆ ಬಿಡಲ್ಲ.

ವಿಷಯ ಸರಳ. ನಮ್ಮ ಅಡುಗೆಮನೆಯಲ್ಲಿ 'ನಮ್ದು' ಅಂದ್ಕೊಂಡಿರೋ ಎಷ್ಟೋ ಪದಾರ್ಥ ಸಮುದ್ರ ದಾಟಿ, ಪೋರ್ಚುಗೀಸರ ಕಾಲದಿಂದೀಚೆಗೆ ಬಂದದ್ದು. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ.

ಈಗ ನಮ್ಮ ಕೋಲಾರ ಜಿಲ್ಲೆಯವರು ಒಂದು ನಿಮಿಷ ಎದೆ ಗಟ್ಟಿ ಮಾಡ್ಕೊಳ್ಳಿ. ಟೊಮೆಟೊ ನಮ್ಮ ಜಿಲ್ಲೆಯ ಹೆಮ್ಮೆ. ಕೋಲಾರದ ಮಾರ್ಕೆಟ್‌ನಿಂದ ಲಾರಿಗಟ್ಟಲೆ ದೇಶಕ್ಕೆಲ್ಲ ಹೋಗತ್ತೆ. ರೇಟು ಬಿದ್ದಾಗ ರಸ್ತೆಗೆ ಸುರೀತಾರೆ, ಏರಿದಾಗ ತೋಟಕ್ಕೆ ಕಾವಲು ಮಲಗ್ತಾರೆ. ಅದು ನಮ್ಮದಲ್ಲ. ಬಂಗಾರಪೇಟೆ ಪಾನಿಪುರಿ? ಒಳಗಿನ ಆಲೂಗಡ್ಡೆ ಆಚೆಯದ್ದು, ನೀರಿನ ಹಸಿಮೆಣಸಿನಕಾಯಿ ಆಚೆಯದ್ದು. ನಮ್ದು ಅಂತ ಉಳಿಯೋದು ಕಣ್ಣೀರು ಒಂದೇ.

ಇದನ್ನ ಜೋರಾಗಿ ಓದಿದಾಗ ಅಮ್ಮನೂ ಸಾರು ಇಳಿಸಿ ಬಂದು ಕೂತ್ಲು. ತಾತ ನಗೋಕೆ ಹೋಗಿ ಕೆಮ್ಮಿದ್ರು, ಕೆಮ್ಮು ನಿಲ್ಲೋಕೆ ಹತ್ತು ನಿಮಿಷ ಆಯ್ತು. ಗಣಿ ಧೂಳು ಮೂವತ್ಮೂರು ವರ್ಷ ಒಳಗೆ ಹೋದ ಎದೆ. ನಗೋಕೂ ಲೆಕ್ಕ ಹಾಕಿ ಉಸಿರು ಖರ್ಚು ಮಾಡ್ಬೇಕು. ಆದ್ರೂ ಮುಂದಿನ ದಿನ ಅವರೇ ಕೇಳಿದ್ರು, "ಆ ಹೊಟ್ಟೆ ಪುಸ್ತಕ ಓದು."

ಯಾರಿಗಾದ್ರೂ ಕನ್ನಡ ಪುಸ್ತಕ ಓದೋ ಅಭ್ಯಾಸ ಇಲ್ಲ, ಎಲ್ಲಿಂದ ಶುರು ಮಾಡ್ಲಿ ಅಂತ ಡಿಎಂ ಮಾಡ್ತೀರಲ್ಲ, ಇಲ್ಲಿಂದ ಮಾಡಿ.

ನಾನು 5, ಗೆಳತಿ 5, ತಾತ 5, ಅಮ್ಮ 5. ಅಮ್ಮ ತೀರ್ಪುಗಾರಳಲ್ಲ, ಆದ್ರೂ ಸಾರು ಅವಳದ್ದೇ.

(8/10)
ಇದು ಪುಸ್ತಕ ಅಲ್ಲ. ಕೆಲವೇ ಪುಟದ ಒಂದು ಲೇಖನ. 1965ರಲ್ಲಿ 'ಫಿಸಿಕ್ಸ್ ಲೆಟರ್ಸ್' ಅನ್ನೋ ಪತ್ರಿಕೆಯಲ್ಲಿ ಬಂದದ್ದು. ಬರೆದವರು ಬಾಂಬೆಯ ಟಾಟಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್, ಈ ಮೂರು ಕಡೆಯ ವಿಜ್ಞಾನಿಗಳು. ನಮ್ಮ ಕರ್ನಾಟಕದ ಬಿ.ವಿ. ಶ್ರೀಕಂಠನ್ ಕೂಡ ಅವರಲ್ಲೊಬ್ರು. ಕೆಲಸ ನಡೆದದ್ದು ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ.

ಬಿಎಸ್ಸಿ ಗೆಳೆಯರು ತಪ್ಪಿದ್ರೆ ತಿದ್ದಿ. ನನಗೆ ಅರ್ಥ ಆದದ್ದು ಇಷ್ಟು. ಆಕಾಶದಿಂದ ಸದಾ ಕಣಗಳ ಮಳೆ ಬೀಳ್ತಾ ಇರತ್ತೆ. ಅದು ವಾತಾವರಣಕ್ಕೆ ಬಡಿದಾಗ ನ್ಯೂಟ್ರಿನೋಗಳೂ ಹುಟ್ಟತ್ವೆ. ಮೇಲೆ ನಿಂತು ಹಿಡಿಯೋಣ ಅಂದ್ರೆ ಬೇರೆ ಕಣಗಳ ಗದ್ದಲ. ಆಳಕ್ಕೆ ಹೋದ್ರೆ ಬಂಡೆ ಆ ಗದ್ದಲವನ್ನೆಲ್ಲ ತಡೆಯತ್ತೆ. ನ್ಯೂಟ್ರಿನೋ ಮಾತ್ರ ಬಂಡೆಯನ್ನೂ ದಾಟಿ ಬರತ್ತೆ, ಅಪರೂಪಕ್ಕೆ ಒಂದು ಗುರುತು ಬಿಡತ್ತೆ. ಆ ಗುರುತನ್ನ 1965ರಲ್ಲಿ ಹಿಡಿದದ್ದು ನಮ್ಮೂರಲ್ಲಿ. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಹಿಡಿದ್ರು. ಜಗತ್ತಿನಲ್ಲೇ ಮೊದಲು ಈ ಎರಡು ಕಡೆ.

ಇದನ್ನ ತಾತನಿಗೆ ಹೇಳೋವಾಗ ಅವರು ಎದ್ದು ಕೂತ್ರು. "ಬಾಂಬೆ ಸಾಹೇಬ್ರಾ? ಅವರು ಆಮೇಲೂ ಇದ್ರು. ಚೌಕ ಪೈಪು ಇಳಿಸಿದ್ದೀವಿ ಅವರಿಗೆ."

ಯಾವ ಪೈಪು? ಆಮೇಲೆ ಹುಡುಕಿದೆ. ಪ್ರೋಟಾನ್ ಒಡೆಯತ್ತಾ ಅಂತ ನೋಡೋಕೆ 1980ರ ಹೊತ್ತಿಗೆ ಅಲ್ಲೇ ಇನ್ನೊಂದು ಪ್ರಯೋಗ ಕಟ್ಟಿದ್ರು. 140 ಟನ್ ತೂಕದ್ದು. ಚೌಕಾಕಾರದ ಕಬ್ಬಿಣದ ಕೊಳವೆಗಳನ್ನ ಸಾಲಾಗಿ ಜೋಡಿಸಿ ಮಾಡಿದ್ದು. ತಾತನ ಚೌಕ ಪೈಪು!

140 ಟನ್ ತಾನಾಗೇ ಇಳಿಯಲ್ಲ ತಾನೇ. ಕೇಜ್‌ಗೆ ಹತ್ತಿಸಿ, ಕೆಳಗೆ ಇಳಿಸಿ, ಆ ಸೆಖೆಯಲ್ಲಿ ಹೊತ್ತು ಸಾಗಿಸಿದವರು ಇದ್ರು. ಅವರಲ್ಲೊಬ್ರು ನಮ್ಮನೆ ಮಂಚದ ಮೇಲೆ ಕೂತು, ಮೊದಲ ಸಲ ತಾವಾಗೇ ಮಾತಾಡ್ತಿದ್ರು. "ಏನು ಹುಡುಕ್ತಾರೆ ಅಂತ ಕೇಳ್ದೆ. ಕಣ್ಣಿಗೆ ಕಾಣದೇ ಇರೋದು ಅಂದ್ರು. ಕಣ್ಣಿಗೆ ಕಾಣೋ ಚಿನ್ನಾನೇ ಮುಗೀತಾ ಬಂತು, ಇವರ್ಯಾರಪ್ಪ ಅಂದ್ಕೊಂಡೆ."

ನಾನು ಮೆಲ್ಲಗೆ ಫೋನ್‌ನ ರೆಕಾರ್ಡಿಂಗ್ ಆನ್ ಮಾಡಿದೆ.

ಎಲ್ಲರೂ: 5. ಅರ್ಥ ಆಗದಿದ್ರೂ.

(9/10)
ರೆಕಾರ್ಡ್ ಮಾಡಿದ್ದಾಯ್ತು. ಬರೆಯೋದು ಹೇಗೆ?

ಕುದುರೆ ಮೇಲಿನ ಅಧಿಕಾರಿ ತರ ಬರೆಯೋಕೆ ನನಗಾಗಲ್ಲ. ಇತಿಹಾಸಕಾರರ ತರ ದಾಖಲೆ ಹುಡುಕೋ ತರಬೇತಿ ಇಲ್ಲ. ಆಗ ಕೈಗೆ ಬಂದದ್ದು ಡಿ.ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'. ಡಿವಿಜಿ ಅಂದ್ರೆ ಕಗ್ಗ, ವಾಟ್ಸಾಪ್ ಸ್ಟೇಟಸ್ ಅಂತ ಬಿಟ್ಟಿರ್ತೀರಿ. ಅವರು ನಮ್ಮ ಮುಳಬಾಗಿಲಿನವರು, 1887ರಲ್ಲಿ ಹುಟ್ಟಿದವರು. ಏಳನೇ ಭಾಗದಲ್ಲಿ ಹೊಟ್ಟೆ ಹುಣ್ಣಾಗಿಸಿದ ಸ್ವಾಮಿ ಅವರ ಅಪ್ಪ. ಈ ಸರಣಿ ಎಂಟು ಸಂಪುಟ. ಹೆದರಬೇಡಿ, 'ಹೃದಯ ಸಂಪನ್ನರು' ಒಂದನ್ನ ತಗೊಳ್ಳಿ.

ಅದರಲ್ಲಿ ಇರೋದು ದೊಡ್ಡ ಹೆಸರಿಲ್ಲದ, ದೊಡ್ಡ ಮನಸ್ಸಿನ ಜನ. ಅವರು ಹೇಗೆ ಮಾತಾಡ್ತಿದ್ರು, ಏನು ತಿಂತಿದ್ರು, ಯಾವುದಕ್ಕೆ ಕೋಪ ಬರ್ತಿತ್ತು. ದಿನಾಂಕ ಕಮ್ಮಿ, ಮನುಷ್ಯರು ಜಾಸ್ತಿ. ಭಾಷೆ ಹಳೇದು, ಮೊದಲ ಎರಡು ಪುಟ ಎಡವಿದೆ. ಜೋರಾಗಿ ಓದಿದಾಗ ಸರಿಹೋಯ್ತು.

ಗೆಳತಿಯ ತಕರಾರು: "ಇದರಲ್ಲೂ ನಮ್ಮ ಲೈನ್ ಇಲ್ಲ." ನಿಜ. ಡಿವಿಜಿ ತಾವು ಓಡಾಡಿದ ಬೀದಿ ಬರೆದ್ರು. ನನಗೆ ಅದರಿಂದ ಸಿಕ್ಕಿದ್ದು ಧೈರ್ಯ. ಮಂತ್ರಿ ದಿವಾನರ ಬಗ್ಗೆ ಬರೆದ ಕೈಯೇ, ಯಾರಿಗೂ ಗೊತ್ತಿಲ್ಲದ ಒಬ್ಬರ ಬಗ್ಗೆಯೂ ಅಷ್ಟೇ ಗಮನ ಕೊಟ್ಟು ಬರೀಬಹುದು ಅನ್ನೋದು.

ಹಾಗಾಗಿ ಮೇಸ್ತ್ರಿ ಬಗ್ಗೆ ಮತ್ತೆ ಕೇಳಿದೆ. ಈ ಸಲ "ಏನಾಯ್ತು" ಅಂತ ಕೇಳಲಿಲ್ಲ. "ಅವರು ಊಟಕ್ಕೆ ಏನು ತರ್ತಿದ್ರು ತಾತ?" ಅಂದೆ.

ತಾತ ಸ್ವಲ್ಪ ಹೊತ್ತು ಯೋಚಿಸಿ, ರಾಗಿ ಮುದ್ದೆ ಅಂದ್ರು. ತೂಕಡಿಸ್ತಾರೆ ಅಂತ ಹುಡುಗರಿಗೆ ಮುದ್ದೆ ತರಬೇಡಿ ಅಂತ ಬೈತಿದ್ದ, ತಾನು ಮಾತ್ರ ತರ್ತಿದ್ದ ಅಂದ್ರು. ಅಲ್ಲಿಂದ ನಲವತ್ತು ನಿಮಿಷ. ಏರ್ ಬ್ಲಾಸ್ಟ್ ಆದ ದಿನದವರೆಗೂ. ಅದನ್ನ ಇಲ್ಲಿ ಬರೆಯಲ್ಲ. ಮೇಸ್ತ್ರಿ ಮನೆಯವರನ್ನ ಹುಡುಕಿ, ಅವರನ್ನ ಕೇಳಿ ಆಮೇಲೆ ಬರೀತೀನಿ.

ನಾನು: 4. ಗೆಳತಿ: 3. ತಾತ ಇದಕ್ಕೆ ಮಾರ್ಕ್ಸ್ ಹಾಕಿಲ್ಲ, ನಿದ್ದೆ ಹೋಗಿದ್ರು. ತುಂಬಾ ದಿನದ ಮೇಲೆ ಕೆಮ್ಮಿಲ್ಲದ ನಿದ್ದೆ.

(10/10)
ಕೊನೇದು. ಇಷ್ಟು ದೂರ ಬಂದವರಿಗೆ ನಮಸ್ಕಾರ.

"ಇದರಲ್ಲಿ ಕೆಜಿಎಫ್ ಬಗ್ಗೆ ಬೆಸ್ಟ್ ಬುಕ್ ಯಾವ್ದು?" ಅಂತ ಕೇಳೇ ಕೇಳ್ತೀರಿ. ಒಂದು ಅಂತ ಇಲ್ಲ. ಒಬ್ರು ಕುದುರೆ ಮೇಲಿಂದ ನೋಡಿದ್ರು, ಒಬ್ರು ಕಲ್ಲು ಓದಿದ್ರು, ಒಬ್ರು ವರಾಂಡದಿಂದ, ಒಬ್ರು ದಾಖಲೆ ಕೋಣೆಯಿಂದ, ಇನ್ನು ಕೆಲವರು 2.3 ಕಿಲೋಮೀಟರ್ ಕೆಳಗಿಂದ ಆಕಾಶ ನೋಡಿದ್ರು. ಯಾರೂ ಸುಳ್ಳು ಹೇಳ್ತಿಲ್ಲ. ಪುಸ್ತಕ ತೆರೆದಾಗ, ಬರೆದವರು ಎಲ್ಲಿ ನಿಂತಿದ್ದಾರೆ ಅಂತ ಮೊದಲು ನೋಡ್ಕೊಳ್ಳಿ. ಅಲ್ಲಿಂದ ಏನು ಕಾಣಲ್ಲ ಅಂತಲೂ ಯೋಚಿಸಿ. ನನ್ನ ರೀಲ್‌ಗೂ ಇದೇ ಮಾತು. ನಾನು ಗುಡ್ಡದ ತುದಿಯಲ್ಲಿ ನಿಂತಿದ್ದೆ. ತಾತನ ಊರು ಅದರ ಕೆಳಗಿತ್ತು.

ಹೊಸ ಪುಸ್ತಕಗಳ ಪಿಡಿಎಫ್ ಕೇಳ್ಬೇಡಿ. ಲೈಬ್ರರಿಯಲ್ಲಿ ಕೇಳಿ, ಇಲ್ಲ ಅಂದ್ರೆ ತರಿಸಿಕೊಡಿ ಅಂತ ಬರೆದುಕೊಡಿ.

ತಾತನ ರೆಕಾರ್ಡಿಂಗ್ ಈಗ ಹನ್ನೊಂದು ಆಗಿದೆ. ನೋಟ್‌ಬುಕ್ಕಲ್ಲಿ ಮೂವತ್ತೊಂದು ಪುಟ. ಮೊದಲನೇ ರೆಕಾರ್ಡಿಂಗ್‌ನಲ್ಲಿ ಒಂದು ವಾಕ್ಯಕ್ಕೆ ಒಂದು ಉಸಿರು ಸಾಕಾಗ್ತಿತ್ತು. ಹನ್ನೊಂದನೇದರಲ್ಲಿ ಎರಡು, ಮೂರು ಬೇಕು. ಅದಕ್ಕೇ ಈ ಸರಣಿಯನ್ನ ಪರೀಕ್ಷೆ ಮುಗಿದ್ಮೇಲೆ ಹಾಕೋಣ ಅಂತ ಕಾಯ್ಲಿಲ್ಲ. ನಿಮ್ಮನೇಲೂ ಒಬ್ರು ಇರ್ತಾರೆ. ಗಣಿಯೇ ಆಗಬೇಕಿಲ್ಲ, ಬಸ್ಸು, ರೇಷ್ಮೆ, ಇಟ್ಟಿಗೆ ಗೂಡು, ಅಡುಗೆಮನೆ. ಈ ಭಾನುವಾರ ಪಕ್ಕದಲ್ಲಿ ಕೂತ್ಕೊಂಡು, ಊಟಕ್ಕೆ ಏನು ತಗೊಂಡು ಹೋಗ್ತಿದ್ರಿ ಅಂತ ಕೇಳಿ. ದೊಡ್ಡ ಪ್ರಶ್ನೆ ಆಮೇಲೆ.

ಹಳೇ ರೀಲ್ ಡಿಲೀಟ್ ಮಾಡಿಲ್ಲ. ಅದೂ ನಾನು ನಿಂತಿದ್ದ ಜಾಗವೇ. ಮೊನ್ನೆ ತಾತನಿಗೆ ಕೇಳಿದೆ, ನೀವೇ ರೀಲ್ ಮಾಡಿದ್ರೆ ಏನು ತೋರಿಸ್ತಿದ್ರಿ ಅಂತ. ತುಂಬಾ ಹೊತ್ತು ಯೋಚಿಸಿದ್ರು.

"ರಾತ್ರಿ ಶಿಫ್ಟ್ ಮುಗಿಸಿ ಮೇಲಕ್ಕೆ ಬರ್ತೀವಲ್ಲ, ಕೇಜ್ ಬಾಗಿಲು ತೆಗೀತಾರೆ. ಬೆಳಗಿನ ಜಾವ. ತಣ್ಣಗೆ ಗಾಳಿ ಬಂದು ಮುಖಕ್ಕೆ ಹೊಡೀತದೆ." ಉಸಿರು ತಗೊಂಡ್ರು. "ಆ ಗಾಳಿ ಬರ್ತದಾ ನಿನ್ನ ಫೋನಲ್ಲಿ?"

ನಿಮ್ಮ ಮನೆಯ ಊಟದ ಡಬ್ಬಿ ಉತ್ತರ ಕಾಮೆಂಟ್‌ನಲ್ಲಿ ಹಾಕಿ. ಎಲ್ಲವನ್ನೂ ಓದಿ ಹೇಳ್ತೀನಿ ತಾತನಿಗೆ.

#ಕೆಜಿಎಫ್ #ಬಂಗಾರಪೇಟೆ #ಚಾಂಪಿಯನ್‌ರೀಫ್ಸ್ #ಟ್ರೈನ್‌ಓದು #ಕನ್ನಡಪುಸ್ತಕ #ಪಾನಿಪುರಿಪ್ಲೇಟು